ಏಳು ತುಟಿಯ ಸಾಲು

ಆಗಸ್ಟ್ 3

ಅಪ್ಪ,

ಮೊದಲು ಹಲ್ಲಿನ ವಿಷಯ ಮುಗಿಸಿಬಿಡುತ್ತೇನೆ. ಡೆಂಟಲ್ ಫಸ್ಟ್ ಇಯರ್‌ನವರನ್ನು ಯಾರ ಬಾಯಿಯ ಹತ್ತಿರಕ್ಕೂ ಬಿಡುವುದಿಲ್ಲ. ಸೋಪಿನಷ್ಟು ದೊಡ್ಡ ಮೇಣದ ತುಂಡು ಕೊಡುತ್ತಾರೆ, ಅದರಲ್ಲಿ ದವಡೆ ಹಲ್ಲು ಕೆತ್ತಬೇಕು. ನನ್ನದನ್ನು ಮೇಡಂ ಕಿಟಕಿಯ ಬೆಳಕಿಗೆ ಹಿಡಿದು, ತಿರುಗಿಸಿ ತಿರುಗಿಸಿ ನೋಡಿ, "ಇದು ಹಲ್ಲಾ, ಕಾಲು ಮುರಿದ ಸ್ಟೂಲಾ?" ಅಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ರಿಪೀಟ್ ಕೊಟ್ಟಿದ್ದಾರೆ. ನೀವು ಟೆನ್ಶನ್ ಮಾಡಿಕೊಳ್ಳಬೇಡಿ, ಅದನ್ನು ಇಬ್ಬರಿಗೂ ಸಾಕಾಗುವಷ್ಟು ನಾನೇ ಮಾಡಿಕೊಂಡಿದ್ದೇನೆ.

ಫೋನಿನಲ್ಲಿ ನಾವು 'ಊಟ ಆಯ್ತಾ', 'ಮಳೆ ಬಂತಾ' ದಾಟಿ ಮುಂದೆ ಹೋಗುವುದಿಲ್ಲ. ಅದಕ್ಕೇ ಸ್ಕೂಲ್ ಹಾಸ್ಟೆಲಿನಲ್ಲಿದ್ದಾಗಿನ ಹಾಗೆ ಈ ಕಾಗದ. ಒಂದು ವಿಷಯ ಕೇಳಬೇಕಿದೆ.

ನನ್ನ ರೂಮ್‌ಮೇಟ್‌ಗೆ ಇಲ್ಲಿ ಎಲ್ಲರೂ ರೇಡಿಯೋ ಅನ್ನುತ್ತಾರೆ, ಯಾಕೆಂದು ನೀವೇ ಊಹಿಸಿ. ಶನಿವಾರ ಮಧ್ಯಾಹ್ನ ಅವಳು ನನ್ನನ್ನು ಅನಿಮೆ ಕ್ಲಬ್ಬಿಗೆ ಎಳೆದುಕೊಂಡು ಹೋದಳು. ಲೆಕ್ಚರ್ ಹಾಲಿನಲ್ಲಿ ಪರದೆ ಇಳಿಸಿ ಹಳೇ ಜಪಾನಿ ಕಾರ್ಟೂನ್ ಸೀರೀಸ್ ಹಾಕುತ್ತಾರೆ. ಈ ಸಲ ಹಾಕಿದ್ದು 'ಹೊಗೆಪಟ್ಟಣ'.

ನೀವು ಡಬ್ಬಿಂಗ್‌ಗೆ ಮಾತು ಬರೆದ ಹೊಗೆಪಟ್ಟಣವೇ. ಆದರೆ ಇದು ಮೂಲ ಭಾಷೆಯದು, ಕೆಳಗೆ ಸಬ್‌ಟೈಟಲ್. ನಲವತ್ತು ವರ್ಷದಿಂದ ಸೂರ್ಯ ಕಾಣದ ಅದೇ ಊರು, ಕೋಟಿನ ಕಾಲರ್ ಎತ್ತಿಕೊಂಡು ಯಾರನ್ನೂ ನಂಬದ ಅದೇ ಪತ್ತೇದಾರ, ಮಿಲ್ಲಿನ ನೆಲದಡಿ ಮಲಗಿರುವ 'ಕಂಬ' ಎಂಬ ಹತ್ತು ಮಹಡಿ ಎತ್ತರದ ಕಬ್ಬಿಣದ ಮನುಷ್ಯ. ಪತ್ತೇದಾರನ ಆಫೀಸಿನಲ್ಲಿ ಅದೇ ಟೈಪಿಸ್ಟ್, ಏನು ಕೇಳಿದರೂ ಮುಖ ಬದಲಾಗದ ಯಂತ್ರದ ಹುಡುಗಿ. ಆಗ ಭಾನುವಾರ ಹತ್ತು ಗಂಟೆಗೆ ಸ್ಕೂಲ್ ಹಾಸ್ಟೆಲಿನ ಕಾಮನ್ ರೂಮಿನಲ್ಲಿ ನಾನು ಕಾಯುತ್ತಿದ್ದದ್ದು ಕಂಬನಿಗಲ್ಲ, ಅವಳಿಗೆ.

ಹದಿನಾಲ್ಕನೇ ಕಂತು ಶುರುವಾದಾಗ ಹಾಲಿನಲ್ಲಿ ಮೊದಲೇ ಕಿಸಕಿಸ ಎದ್ದಿತು. ಟೈಪಿಸ್ಟಳನ್ನು ತಯಾರಿಸಿದ ಗಡಿಯಾರ ರಿಪೇರಿಯವನು ನೀರಿನ ಟ್ಯಾಂಕಿನಲ್ಲಿ ಹೆಣವಾಗಿ ಬಿದ್ದಿರುತ್ತಾನಲ್ಲ, ಆ ಕಂತು. ಪತ್ತೇದಾರ ಬಂದು "ಗಡಿಯಾರದವರೆಲ್ಲಿ?" ಅನ್ನುತ್ತಾನೆ. ಅವಳು ಟೈಪ್ ಮಾಡುವುದನ್ನು ನಿಲ್ಲಿಸಿ, ಅವರು ಸತ್ತರು ಅನ್ನುತ್ತಾಳೆ. ಮತ್ತೆ ಟೈಪ್ ಮಾಡುತ್ತಾಳೆ.

ರೇಡಿಯೋ ನನ್ನ ಕಿವಿಗೆ ಬಾಯಿಟ್ಟು, "ನಮ್ಮ ಡಬ್ಬಿಂಗ್‌ನಲ್ಲಿ ಇಲ್ಲಿ ಏನಿದೆ ಗೊತ್ತಾ? 'ತಡವಾಗಿ ಬರ್ತಾರೆ' ಅಂತ. ಆಮೇಲೆ ಸಮಾಧಿ ಕಲ್ಲೇ ತೋರಿಸ್ತಾರೆ ಕಣೇ, ಅದರ ಮುಂದೆ ನಿಂತ್ಕೊಂಡು ಪತ್ತೇದಾರ 'ಅಂಗಡಿ ಮುಚ್ಚಿದೆ' ಅಂತಾನೆ. ಸಮಾಧಿಲಿ ಅಂಗಡಿ. ಯಾವ ಕುಡುಕ ಬರೆದ್ನೋ" ಅಂದಳು.

ಆ ಕುಡುಕ ಟೀ ಕೂಡ ಕುಡಿಯುವುದಿಲ್ಲ ಎಂದು ನಾನು ಹೇಳಲಿಲ್ಲ.

ಅದು ತಪ್ಪಾಗಿ ಆದದ್ದಾ ಅಪ್ಪ?

ನಿಮ್ಮ
ಗೊಣಗಿ

ಆಗಸ್ಟ್ 11

ಗೊಣಗಿ,

ಕಾಗದ ತಲುಪಿತು. ಕೆತ್ತುವ ಚಾಕು ಮೊಂಡಾಗಿದ್ದರೆ ಹೇಳು, ಕಳಿಸುತ್ತೇನೆ. ಮೊಂಡು ಚಾಕುವಿನಿಂದಲೇ ಕೈ ಕುಯ್ದುಕೊಳ್ಳುವುದು ಜಾಸ್ತಿ.

ನಿನ್ನ ಪ್ರಶ್ನೆಗೆ: ನಮ್ಮ ಕೆಲಸ ನಿನಗೆ ಗೊತ್ತೇ ಇದೆ, ಆದರೂ ಹೇಳುತ್ತೇನೆ. ಗೊಂಬೆಯ ಬಾಯಿ ಎಷ್ಟು ಸಲ ತೆರೆದುಕೊಳ್ಳುತ್ತದೋ ಅಷ್ಟು ಚುಕ್ಕಿಯನ್ನು ಹಾಳೆಯ ಮೇಲೆ ಇಡುತ್ತೇವೆ. ಒಂದು ಚುಕ್ಕಿಗೆ ಒಂದು ತುಟಿ ಅನ್ನುತ್ತೇವೆ. ಚುಕ್ಕಿಗಳ ಕೆಳಗೆ ಮಾತು ಕೂರಿಸಬೇಕು. ಟೈಪಿಸ್ಟ್‌ಗೆ ಇರುವುದು ಎರಡೇ ಬಾಯಿ, ಒಂದು ತೆರೆದದ್ದು, ಒಂದು ಮುಚ್ಚಿದ್ದು. ಚಿತ್ರ ಬರೆದವರು ಅವಳ ಮಟ್ಟಿಗೆ ಜಿಪುಣತನ ಮಾಡಿದ್ದಾರೆ. ಅವಳ ಸಾಲಿನಲ್ಲಿ ಒಂದು ತುಟಿ ಹೆಚ್ಚಾದರೂ ಕಣ್ಣಿಗೆ ಹೊಡೆಯುತ್ತದೆ. ಅದು ಏಳು ತುಟಿಯ ಸಾಲು. ಆ ವಾರ ಸುಸ್ತಾಗಿತ್ತು, ಕೈಗೆ ಸಿಕ್ಕಿದ್ದನ್ನು ಕೂರಿಸಿದೆ. ತಪ್ಪು ನನ್ನದೇ. ಒಂದು ಸಲ ತಡವಾಗಿ ಬರ್ತಾರೆ ಅಂದ ಮೇಲೆ ಮುಂದಿನ ಹನ್ನೆರಡು ಕಂತಿನಲ್ಲೂ ಅದಕ್ಕೆ ತೇಪೆ ಹಾಕಬೇಕಾಯಿತು. ಅಂಗಡಿ ಅಂಥದ್ದೇ ಒಂದು ತೇಪೆ.

ಕಾಕತಾಳೀಯ ಏನೆಂದರೆ, ಸೀರೀಸನ್ನು ಮತ್ತೆ ಬಿಡುಗಡೆ ಮಾಡುತ್ತಾರಂತೆ. ತಪ್ಪುಗಳನ್ನೆಲ್ಲ ತಿದ್ದಿಕೊಡಿ ಎಂದು ಸ್ಟುಡಿಯೋದವರು ಹೇಳಿದ್ದಾರೆ. ಅಕ್ಟೋಬರ್ ನಾಲ್ಕಕ್ಕೆ ರೆಕಾರ್ಡಿಂಗ್. ಟೈಪಿಸ್ಟಳ ದನಿಗೆ ಈಗಲೂ ತಗಡಕ್ಕನೇ ಬರುತ್ತಾಳೆ. ಸ್ಟೇಷನ್ನಿನಲ್ಲಿ ರೈಲು ಅನೌನ್ಸ್ ಮಾಡುವ ಕೆಲಸದಿಂದ ಅವಳು ಹೋದ ವರ್ಷ ರಿಟೈರ್ ಆದಳು. ದನಿ ಮಾತ್ರ ಹಾಗೇ ಇದೆ, ಚಪ್ಪಟೆ.

ಊಟ ಬಿಡಬೇಡ.

ಅಪ್ಪ

ಆಗಸ್ಟ್ 19

ಅಪ್ಪ,

ಚಾಕು ಚೂಪಾಗಿಯೇ ಇದೆ. ತಪ್ಪು ಕೈಯದು.

ಬೇಜಾರು ಮಾಡಿಕೊಳ್ಳಬೇಡಿ, ನಾನು ಲೆಕ್ಕ ಹಾಕಿದೆ. ಕ್ಲಬ್ಬಿನವರ ಹತ್ತಿರ ಪ್ರತಿ ಕಂತು ನಮ್ಮಲ್ಲಿ ಬಂದ ತಾರೀಖಿನ ಪಟ್ಟಿ ಇದೆ. ಹದಿನಾಲ್ಕನೇ ಕಂತು ಬಂದದ್ದು ಭಾನುವಾರ. ಅಮ್ಮನದು ಅದರ ಹಿಂದಿನ ದಿನ, ಶನಿವಾರ. ನನಗೆ ಗೊತ್ತಾದದ್ದು ಹನ್ನೊಂದು ದಿನದ ಮೇಲೆ, ಬುಧವಾರ, ಪರೀಕ್ಷೆ ಎಲ್ಲ ಮುಗಿದ ಮೇಲೆ.

ಅಂದರೆ ಭಾನುವಾರ ಹತ್ತು ಗಂಟೆಗೆ ನಾನು ಟಿವಿ ಮುಂದೆ ಕೂರುತ್ತೇನೆಂದು ನಿಮಗೆ ಗೊತ್ತಿತ್ತು. ಅದಕ್ಕೆ ಬದಲಾಯಿಸಿದಿರಿ. ಎಂಟು ವರ್ಷದ ಒಬ್ಬಳಿಗೋಸ್ಕರ ಇಷ್ಟು ಜನಕ್ಕೆ ಸುಳ್ಳು ಹೇಳಿದಿರಿ, ಅವರೆಲ್ಲ ಹತ್ತು ವರ್ಷದಿಂದ ನಗುತ್ತಿದ್ದಾರೆ. ನನಗೆ ಕೋಪ ಬರಬೇಕು ಅಥವಾ ಅಳು ಬರಬೇಕು. ಎರಡಕ್ಕೂ ಕಾಯುತ್ತಾ ಕೂತಿದ್ದೆ, ಅಷ್ಟರಲ್ಲಿ ಅನಾಟಮಿ ಕ್ಲಾಸಿಗೆ ಹೊತ್ತಾಯಿತು.

ಆ ಬುಧವಾರ ನಿಮಗೆ ನೆನಪಿದೆಯಾ? ಪ್ರಿನ್ಸಿಪಾಲರ ರೂಮು. ಮೇಜಿನ ಮೇಲೆ ಕಾಗದದ ಹೂವು, ಅದರ ಮೇಲೆ ಧೂಳು. ವಾರ್ಡನ್ ಇಂಗ್ಲಿಷಿನಲ್ಲಿ ಹೇಳಿದರು, ಸಾರಿ ಅಂತಲೂ ಅಂದರು. ನೀವು ಕುರ್ಚಿಯ ತುದಿಯಲ್ಲಿ ಕೂತಿದ್ದಿರಿ. ನನ್ನ ಕಾಲು ನೋಡಿ, "ಶೂಸ್ ಬಿಗಿ ಆಗ್ತಿದೆಯಾ?" ಅಂದಿರಿ. ಆಗ್ತಿದೆ ಅಂದೆ. ಆಮೇಲೆ ನಾನು "ಮ್ಯಾಥ್ಸ್ ಕ್ಲಾಸಿಗೆ ಹೋಗಬಹುದಾ?" ಎಂದು ಕೇಳಿದೆ. ವಾರ್ಡನ್ ನನ್ನನ್ನು ನೋಡಿದ ರೀತಿ ಇನ್ನೂ ನೆನಪಿದೆ, ಒಳಗೆ ಸ್ಪ್ರಿಂಗು ಚಕ್ರ ಇದೆಯೇನೋ ಎಂಬಂತೆ.

ಅವತ್ತು ಅಂತಲ್ಲ, ಅಪ್ಪ, ಇವತ್ತಿನವರೆಗೂ ನೀವು ಅದನ್ನು ನನಗೆ ಹೇಳಿಲ್ಲ. 'ಆಮೇಲೆ' ಅನ್ನುತ್ತೀರಿ, 'ಅದಾದ ವರ್ಷ' ಅನ್ನುತ್ತೀರಿ. ನನಗೆ ಹೇಳಿದವರು ವಾರ್ಡನ್, ಅದೂ ಇಂಗ್ಲಿಷಿನಲ್ಲಿ. ನಾನೂ ಯಾರಿಗೂ ಹೇಳಿಲ್ಲ. ಅಡ್ಮಿಷನ್ ಫಾರ್ಮಿನಲ್ಲಿ ಅಮ್ಮನ ಉದ್ಯೋಗ ಅಂತ ಇದ್ದ ಕಡೆ, ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವುದು ಎಂದು ಬರೆದು ಬಂದೆ.

ನೀವು ಒಂದು ಸಲ ಹೇಳಬೇಕು. ನಮ್ಮ ಭಾಷೆಯಲ್ಲಿ. ಅಷ್ಟೇ ನಾನು ಕೇಳುತ್ತಿರುವುದು.

ಗೊಣಗಿ

ಸೆಪ್ಟೆಂಬರ್ 6

ಅಪ್ಪ,

ಕಾಗದ ಬರಲಿಲ್ಲ. ಅಂಚೆಯವರದ್ದೇ ತಪ್ಪಿರಬಹುದು ಎಂದು ಮೊದಲ ವಾರ ಅಂದುಕೊಂಡೆ.

ಫೋನಿನಲ್ಲಿ 'ಮಳೆ ಬಂತಾ' ಅಂದಿರಿ. ಬಂತು ಅಂದೆ. ಆಕ್ಚುಲಿ ಬಂದಿರಲಿಲ್ಲ.

ಎರಡನೇ ಹಲ್ಲೂ ರಿಪೀಟ್. ಈ ಸಲ ಮೇಡಂ ಜೋಕ್ ಮಾಡಲಿಲ್ಲ, ಅದು ಇನ್ನೂ ಕಷ್ಟ.

ಗೊಣಗಿ

ಸೆಪ್ಟೆಂಬರ್ 15

ಪುಟ್ಟ ಮೇಡಂಗೆ ತಗಡಕ್ಕನ ನಮಸ್ಕಾರ.

ನನ್ನ ನೆನಪಿದೆಯೋ ಇಲ್ವೋ. ಸ್ಟುಡಿಯೋಗೆ ಬಂದಾಗ ನನ್ನ ಕೆನ್ನೆ ತಟ್ಟಿ, ಟಣ್ ಅನ್ನುತ್ತಾ ಅಂತ ನೋಡ್ತಿದ್ದೆ ನೀನು. ನಿನ್ನ ವಿಳಾಸ ಅಪ್ಪನ ಮೇಜಿನ ಮೇಲಿತ್ತು. ಕದ್ದೆ. ಅವನಿಗೆ ಹೇಳಬೇಡ, ಹೇಳಿದ್ರೂ ಪರವಾಗಿಲ್ಲ.

ನಿನ್ನಪ್ಪ ಕಾಗದ ಬರೀತಿಲ್ಲ ಅಂತ ನೀನು ಮುನಿಸ್ಕೊಂಡಿರ್ತೀಯ. ಅವನು ನಿನಗೊಬ್ಬಳಿಗೇ ಅಲ್ಲ, ಯಾರಿಗೂ ಬರೀತಿಲ್ಲ. ತಿದ್ದೋ ಕೆಲಸ ಎಲ್ಲ ಮುಗಿದಿದೆ. ಸಮಾಧಿ ಮುಂದಿನ ಅಂಗಡಿ ಎತ್ತಂಗಡಿ ಆಯ್ತು. ಉಳಿದಿರೋದು ಆ ಒಂದೇ ಸಾಲು. ಬೆಳಿಗ್ಗೆ ಬರ್ತಾನೆ, ಆ ದೃಶ್ಯ ಹಾಕ್ಕೊಂಡು ಕೂರ್ತಾನೆ, ಅವಳು ಬಾಯಿ ಏಳು ಸಲ ತೆಗೀತಾಳೆ, ಇವನು ಒಂದು ಸಲವೂ ತೆಗೆಯಲ್ಲ. ನಾನೇ ಹೇಳ್ದೆ, "ಅಯ್ಯೋ ಮಾರಾಯ, 'ಅವರು ತೀರಿಹೋದ್ರು', ಏಳಕ್ಕೆ ಏಳು ಸರಿಯಾಗಿ ಕೂರುತ್ತಲ್ಲ, ಬರಿ." "ಬರೀತೀನಿ" ಅಂದ. ಪೆನ್ಸಿಲ್ ಕೆತ್ತಿದ. ಊಟಕ್ಕೆ ಹೋದ.

ಇನ್ನೊಂದು ನೀನು ಗಮನಿಸಿದ್ದೀಯೋ ಇಲ್ವೋ. ಈ ಹತ್ತು ವರ್ಷದಲ್ಲಿ ಅವನ ಯಾವ ಸೀರೀಸಲ್ಲೂ ಒಬ್ಬರೂ ಸತ್ತಿಲ್ಲ. ಹೋದ್ರು ಅಂತಾನೆ, ಉಳೀಲಿಲ್ಲ ಅಂತಾನೆ, ಕಥೆ ಮುಗೀತು ಅಂತಾನೆ. "ನಿನ್ನ ಕೈಗೆ ಸಿಕ್ಕಿದ್ರೆ ವಿಲನ್ನೂ ಚಿರಂಜೀವಿ" ಅಂತ ಸೌಂಡಿನವರು ರೇಗಿಸ್ತಾರೆ. ಅವನೂ ನಗ್ತಾನೆ.

ಆ ಕಂತು ಮೊದಲು ರೆಕಾರ್ಡ್ ಆದ ಗುರುವಾರದ್ದು ಹೇಳ್ತೀನಿ. ಆಸ್ಪತ್ರೆಯಿಂದ ನೇರ ಸ್ಟುಡಿಯೋಗೆ ಬಂದ. ಹಾಳೆ ಕೊಟ್ಟ. ಆ ಸಾಲು ನೋಡಿ ನಾನು "ಏನಿದು, ಇವನು ಸತ್ತಿದ್ದಾನಲ್ಲಯ್ಯ" ಅಂದೆ. "ಹಾಗೇ ಓದು" ಅಂದ. ಓದಿದೆ. ಒಂದೇ ಟೇಕು. ಆದ್ರೆ ಆ ಸಾಲಿನ ಅಕ್ಷರ ಅವನದಾಗಿರ್ಲಿಲ್ಲ. ಯಾರದು ಅಂತ ನಾನು ಕೇಳ್ಲಿಲ್ಲ. ನೀನು ಕೇಳು. ನಿನಗೆ ಹಕ್ಕಿದೆ.

ಹೊಟ್ಟೆ ತುಂಬಾ ತಿನ್ನು, ಹಲ್ಲು ಉಜ್ಜು. ನಿನಗೆ ಅದನ್ನು ಹೇಳೋದು ನಾನು, ನೋಡು.

ನಿನ್ನ
ತಗಡಕ್ಕ

ಸೆಪ್ಟೆಂಬರ್ 20

ಗೊಣಗಿ,

ತಗಡಕ್ಕ ಕಾಗದ ಹಾಕಿದ್ದಾಳಂತೆ. ಹಾಕಿದ ಮೇಲೆ ಬಂದು ಹೇಳಿದಳು, ಪ್ಲಾಟ್‌ಫಾರ್ಮ್ ಬದಲಾಗಿದೆ ಅನ್ನುವ ಹಾಗೆ.

ಇದರ ಜೊತೆ ಎರಡು ಸಾಮಾನು ಇಟ್ಟಿದ್ದೇನೆ. ಒಂದು, ಹದಿನಾಲ್ಕನೇ ಕಂತಿನ ಹಳೇ ಹಾಳೆ. ಮೇಲಿಂದ ಆರನೇ ಸಾಲು ನೋಡು. ಚುಕ್ಕಿಗಳು ನನ್ನವು, ಅಕ್ಷರ ನಿನ್ನ ಅಮ್ಮನದು.

ಮನೆಯಲ್ಲಿ ಯಾವಾಗಲೂ ತುಟಿ ಎಣಿಸಿ ಕೊಡುತ್ತಿದ್ದವಳು ಅವಳೇ. ಇಡೀ ದಿನ ಗಾಜು ಉಜ್ಜುವವಳ ಕಣ್ಣು, ಕೂದಲೆಳೆಯಷ್ಟು ತಪ್ಪಿದರೂ ಹಿಡಿಯುತ್ತಿದ್ದಳು. ನಾನು ದೃಶ್ಯ ಹಾಕುತ್ತಿದ್ದೆ, ಗೊಂಬೆ ಬಾಯಿ ತೆರೆದಾಗಲೆಲ್ಲ ಅವಳು ಉಗುರಿನಿಂದ ಮೇಜು ತಟ್ಟುತ್ತಿದ್ದಳು. ಆ ರೆಕಾರ್ಡಿಂಗಿನ ಹಿಂದಿನ ದಿನ, ಬುಧವಾರ, ಆಸ್ಪತ್ರೆಯಲ್ಲಿ ಅವಳ ಮಂಚದ ಮೇಲೇ ಹಾಳೆ ಇಟ್ಟುಕೊಂಡು ಕೆಲಸ ಮಾಡುತ್ತಿದ್ದೆ. "ಈ ವಾರ ಏನಾಗುತ್ತೆ?" ಅಂದಳು. ಗಡಿಯಾರದವನು ಹೋಗುತ್ತಾನೆ ಅಂದೆ.

"ಟೈಪಿಸ್ಟ್ ಹೇಳ್ತಾಳಾ?"

"ಹೌದು. ಏಳು ತುಟಿ."

ಹಾಳೆಯನ್ನು ತನ್ನ ಕಡೆಗೆ ಎಳೆದುಕೊಂಡಳು. ಆಮೇಲೆ, "ಭಾನುವಾರ ಗೊಣಗಿ ನೋಡ್ತಾಳೆ ಕಣ್ರೀ. ಪಕ್ಕದಲ್ಲಿ ಯಾರೂ ಇರಲ್ಲ. ಈ ವಾರ ಬೇಡ" ಅಂದಳು. ಮುಂದಿನ ವಾರ ಸರಿ ಮಾಡಿಕೊಳ್ಳಬಹುದು ಅಂದಳು. ಪೆನ್ಸಿಲ್ ಇಸಿದುಕೊಂಡಳು. ಕೈಗೆ ಸೂಜಿ ಚುಚ್ಚಿದ್ದರು, ಅದಕ್ಕೇ ಅಕ್ಷರ ವಾಲಿವೆ. ಬರೆದು, ಮಂಚದ ಕಂಬಿಯ ಮೇಲೆ ಉಗುರಿನಿಂದ ತಟ್ಟಿ ಎಣಿಸಿ ತೋರಿಸಿದಳು. ಸರಿಯಾಗಿ ಕೂತಿತು.

ಮುಂದಿನ ವಾರ ಸರಿ ಮಾಡುವುದು ನನ್ನಿಂದ ಆಗಲಿಲ್ಲ. ಆಮೇಲಿನ ಯಾವ ವಾರವೂ ಆಗಲಿಲ್ಲ. ಈಗ ಅದನ್ನು ಅಳಿಸು ಎನ್ನುತ್ತಿದ್ದಾರೆ. ಅಳಿಸಿದರೆ ಅವಳು ಕೊನೆಗೆ ಬರೆದದ್ದು ಹೋಗುತ್ತದೆ. ಬಿಟ್ಟರೆ ಇನ್ನು ಹತ್ತು ವರ್ಷ ಸಮಾಧಿಯಲ್ಲಿ ಅಂಗಡಿ. ನಾಲ್ಕನೇ ತಾರೀಖಿನೊಳಗೆ ಹಾಳೆ ಕೊಡಬೇಕು. ನೀನು ಹೇಳಿದ ಹಾಗೆ ಮಾಡುತ್ತೇನೆ.

ಎರಡನೆಯದು, ನಿನ್ನದೇ ಕಾಗದ. ಆ ಭಾನುವಾರ ಅಮ್ಮನ ಹೆಸರಿಗೆ ಬರೆದದ್ದು, ಮಂಗಳವಾರ ಬಂತು. ವಿಳಾಸ ಅವಳದಾದ್ದರಿಂದ ನಾನು ಒಡೆಯಲಿಲ್ಲ.

ನೀನು ಆಗಸ್ಟಿನಲ್ಲಿ ಕೇಳಿದ್ದು ಮರೆತಿಲ್ಲ.

ಅಪ್ಪ

ಸೆಪ್ಟೆಂಬರ್ 27

ಅಪ್ಪ,

ಹಾಳೆ ನೋಡಿದೆ. 'ತಡವಾಗಿ'ಯ ಕೊನೆಯ ಅಕ್ಷರ ಚುಕ್ಕಿಯಿಂದ ಕೆಳಗೆ ಜಾರಿದೆ. ಅದನ್ನು ಸುಮಾರು ಹೊತ್ತು ನೋಡಿದೆ. ರೇಡಿಯೋ "ಏನೇ ಅದು, ಕಣಿಯಾ?" ಅಂದಳು. ಅಪ್ಪನ ಕೆಲಸದ್ದು ಅಂದೆ. ಯಾವ ಕೆಲಸ ಎಂದು ಹೇಳಿದ ಮೇಲೆ ಅವಳು ಇಡೀ ಸಂಜೆ ಮಾತಾಡಲಿಲ್ಲ. ಕಾರಿಡಾರಿನವರೆಲ್ಲ ಬಂದು ಅವಳಿಗೆ ಜ್ವರವಾ ಎಂದು ಕೇಳಿಕೊಂಡು ಹೋದರು.

ನನ್ನ ಕಾಗದವನ್ನು ಲ್ಯಾಬಿಗೆ ತೆಗೆದುಕೊಂಡು ಹೋಗಿ, ಕೆತ್ತುವ ಚಾಕುವಿನಿಂದ ಒಡೆದೆ. ಯಾವ ಮಾತನ್ನೂ ತಿದ್ದದೆ ಇಲ್ಲಿ ಬರೆಯುತ್ತೇನೆ.

"ಅಮ್ಮ ನಾನು ಚೆನ್ನಾಗಿದ್ದೇನೆ. ಒಂದು ಕಾಲುಚೀಲ ಕಳೆದುಹೋಗಿದೆ. ಇವತ್ತು ಗಡಿಯಾರದವರು ಸತ್ತುಹೋದರು. ನೀರಲ್ಲಿ ಮುಖ ಕೆಳಗೆ ಮಾಡಿ ಬಿದ್ದಿದ್ದರು ನಾನು ನೋಡಿದೆ. ಆದರೆ ಟೈಪಿಸ್ಟ್ ತಡವಾಗಿ ಬರ್ತಾರೆ ಅಂದಳು. ಪಾಪ ಅವಳಿಗೆ ಹೇಳಕ್ಕೆ ಆಗಲಿಲ್ಲ ಅನ್ಸುತ್ತೆ. ಯಾರಾದರೂ ಅವಳಿಗೆ ಹೇಳಿಕೊಡಬೇಕು. ಕಾಲುಚೀಲ ಬಿಳಿದೇ ಕಳಿಸು."

ಅಷ್ಟೇ ಇದೆ. ಕೆಳಗೆ ಕಂಬನ ಚಿತ್ರ, ಒಂದು ಕೈ ಮರೆತಿದ್ದೇನೆ.

ಇದನ್ನು ಬರೆದದ್ದು ನನಗೆ ನೆನಪೇ ಇಲ್ಲ, ಅಪ್ಪ. ಅವತ್ತೇ ನನಗೆ ಗೊತ್ತಿತ್ತು ಅಂತಾಯಿತು, ಗಡಿಯಾರದವರ ಮಟ್ಟಿಗಾದರೂ. ಆ ಸಾಲಿನಿಂದ ನಾನು ಮೋಸಹೋಗಲಿಲ್ಲ. ನೀವಿಬ್ಬರೂ ಅಷ್ಟು ಕಷ್ಟಪಟ್ಟು ಎಣಿಸಿದ್ದು ದಂಡವಾಯಿತು ಎಂದು ಹೇಳುತ್ತಿಲ್ಲ. ಏನು ಹೇಳುತ್ತಿದ್ದೇನೆಂದು ನನಗೂ ಸರಿಯಾಗಿ ಗೊತ್ತಿಲ್ಲ. ಹೇಳಲಾಗದೆ ಇದ್ದವಳು ಟೈಪಿಸ್ಟ್ ಒಬ್ಬಳೇ ಅಲ್ಲ, ನಾವಿಬ್ಬರೂ ಹತ್ತು ವರ್ಷ ಟೈಪ್ ಮಾಡುತ್ತಲೇ ಕೂತಿದ್ದೆವು ಅನ್ನಿಸುತ್ತದೆ.

ಹದಿನಾಲ್ಕನೇ ಕಂತು ತಿದ್ದಿ. ತಗಡಕ್ಕ ಹೇಳಿದ ಸಾಲೇ ಸರಿ. ಟೈಪಿಸ್ಟ್‌ಗೆ ಹೇಳಿಕೊಡಿ.

ಅಮ್ಮನ ಸಾಲು ಅಳಿಸಬೇಕಾಗಿಲ್ಲ. ಇಪ್ಪತ್ತಾರನೇ ಕಂತನ್ನು ಕ್ಲಬ್ಬಿನಲ್ಲಿ ಮತ್ತೆ ಹಾಕಿಸಿಕೊಂಡು ನೋಡಿದೆ. ಕೊನೆಯಲ್ಲಿ ಪತ್ತೇದಾರ ಕಂಬನನ್ನು ಹತ್ತಿ ಹೊಗೆಯೊಳಗೆ ಹೋಗಿರುತ್ತಾನೆ. ಆಫೀಸಿನ ಮೆಟ್ಟಿಲ ಕೆಳಗೆ ವಾಸಿಸುವ ಹುಡುಗಿ ಬಾಗಿಲಲ್ಲಿ ನಿಂತು, ಅವರು ಎಲ್ಲಿ ಎಂದು ಕೇಳುತ್ತಾಳೆ. ಟೈಪಿಸ್ಟ್ ಕಿಟಕಿಯ ಕಡೆ ತಿರುಗಿದ್ದಾಳೆ, ಬೆನ್ನು ಮಾತ್ರ ಕಾಣುತ್ತದೆ. ಮೂಲದಲ್ಲಿ ಗೊತ್ತಿಲ್ಲ ಅನ್ನುತ್ತಾಳೆ. ಬೆನ್ನು ತಿರುಗಿಸಿದವರಿಗೆ ತುಟಿಯ ಲೆಕ್ಕವಿಲ್ಲ, ಏನು ಬೇಕಾದರೂ ಹೇಳಿಸಬಹುದು ಎಂದು ನೀವೇ ಹೇಳುತ್ತಿದ್ದಿರಿ. ಅಮ್ಮನ ಸಾಲನ್ನು ಅಲ್ಲಿ ಹಾಕಿ. ಅವನು ನಿಜವಾಗಿಯೂ ಬರಬಹುದು, ಸುಳ್ಳಾಗುವುದಿಲ್ಲ.

ಇನ್ನೊಂದು. ಲ್ಯಾಬಿನಲ್ಲಿ ಬಾಯಿ ನೋಡುವ ಪುಟ್ಟ ಕನ್ನಡಿ ಇರುತ್ತದೆ, ಕಡ್ಡಿಯ ತುದಿಯಲ್ಲಿ ಉಗುರಿನಷ್ಟು ದುಂಡಗೆ. ಎಲ್ಲರೂ ಹೋದ ಮೇಲೆ ಅದನ್ನು ನನ್ನ ತುಟಿಯ ಮುಂದೆ ಹಿಡಿದುಕೊಂಡು ಹೇಳಿ ನೋಡಿದೆ. ಕನ್ನಡಿ ಮಸುಕಾಯಿತು, ಒರೆಸಿ ಮತ್ತೆ ಹೇಳಿದೆ.

ಅಮ್ಮ ತೀರಿಹೋದಳು.

ಇದೂ ಏಳೇ. ಎಣಿಸಿ ನೋಡಿ.

ಗೊಣಗಿ

ಅಕ್ಟೋಬರ್ 5

ಗೊಣಗಿ,

ಎಣಿಸಿದೆ. ಮೇಜಿನ ಮೇಲೆ ಉಗುರಿನಿಂದ ತಟ್ಟಿ ಎಣಿಸಿದೆ. ಏಳೇ.

ನಿನ್ನೆ ರೆಕಾರ್ಡಿಂಗ್ ಆಯಿತು. ಹದಿನಾಲ್ಕನೆಯದನ್ನು ತಗಡಕ್ಕ ಒಂದೇ ಟೇಕಿನಲ್ಲಿ ಹೇಳಿದಳು, ರೈಲು ರದ್ದಾಗಿದೆ ಅನ್ನುವ ಹಾಗೆ. ಹಾಗೇ ಹೇಳಬೇಕಿತ್ತು. ಇಪ್ಪತ್ತಾರರಲ್ಲಿ ಮೂರು ಟೇಕ್ ಬೇಕಾಯಿತು. ಆಮೇಲೆ ಕುರ್ಚಿ ಕೇಳಿದಳು. ಸೌಂಡಿನವರು "ಕೊನೆಗೂ ಒಬ್ಬನನ್ನ ಸಾಯಿಸಿದ್ರಲ್ಲ ಸಾರ್" ಅಂದರು. ಹೊತ್ತಾಗಿತ್ತು, ಎಲ್ಲರೂ ಕೂತು ಊಟ ಮಾಡಿದೆವು.

ಬಿಳಿ ಕಾಲುಚೀಲ ಒಂದು ಜೊತೆ ಕಳಿಸಿದ್ದೇನೆ. ಅಳತೆ ಅಂದಾಜು.

ಪ್ರಿನ್ಸಿಪಾಲರ ರೂಮಿನಲ್ಲಿ ನಾನು ಹೇಳಬೇಕಾಗಿದ್ದು ಇದು: ನಿನ್ನ ಅಮ್ಮ ತೀರಿಹೋದಳು.

ಒಂಬತ್ತು ತುಟಿ. ಇದು ಯಾವ ಹಾಳೆಗೂ ಅಲ್ಲ, ನಿನಗೆ.

ಅಪ್ಪ